ಸೂರು ಕೇಳಿದ ಶಿಕ್ಷಕಿ: ಡೊರೊಥಿಯಾ ಡಿಕ್ಸ್

ನಮ್ಮ ಶಾಲೆಗೆ ಐವತ್ತು ತುಂಬಿತು. ಸ್ಮರಣ ಸಂಚಿಕೆಗೆ ಒಂದು ಲೇಖನ ಕಳಿಸಿಕೊಡು ಎಂದು ಗುರುಗಳು ಫೋನ್ ಮಾಡಿದಾಗ ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ನಾನು ಕನ್ನಡದಲ್ಲಿ ಬರೆದದ್ದೆಂದರೆ ಮನೆಯವರಿಗೆ ಕಳಿಸುವ ವಾಟ್ಸ್‌ಆ್ಯಪ್ ಸಂದೇಶ ಮಾತ್ರ. ಪಿಯುಸಿ ವಿಜ್ಞಾನ, ಆಮೇಲೆ ಬಿ.ಇ., ಆಮೇಲೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎಲ್ಲ ಕಡೆ ಇಂಗ್ಲಿಷೇ. ತಪ್ಪುಗಳಿದ್ದರೆ ನಮ್ಮ ಕನ್ನಡ ಮೇಷ್ಟ್ರು ಎಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಶಾಲೆಯ ದಿನಗಳ ನೆನಪು ಬರೆಯಬಹುದು, ಇಲ್ಲವೇ ಮಕ್ಕಳಿಗೆ ತಿಳಿದಿರಬೇಕಾದ ಯಾರಾದರೂ ದೊಡ್ಡವರ ಜೀವನ ಬರೆಯಬಹುದು ಎಂದು ಗುರುಗಳು ಹೇಳಿದ್ದರು. ನಾನು ಎರಡನೆಯದನ್ನು ಆರಿಸಿಕೊಂಡೆ. ಆದರೆ ಒಂದು ನೆನಪನ್ನು ಹೇಳದೆ ಆ ಜೀವನಕ್ಕೆ ಹೋಗಲು ನನ್ನಿಂದ ಆಗುವುದಿಲ್ಲ.

2003–04ನೇ ಸಾಲಿನಲ್ಲಿ ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಆಗ ಶಾಲೆಯ ಮುಂದಿನ ಜಗಲಿಯಲ್ಲಿ ರಾತ್ರಿ ಹೊತ್ತು ಒಬ್ಬರು ಮಲಗುತ್ತಿದ್ದರು. ನನ್ನ ಓರಗೆಯವರಿಗೆ ನೆನಪಿರಬಹುದು. ಒಂದು ಹರಿದ ಕಂಬಳಿ, ಒಂದು ಗೋಣಿಚೀಲ, ಬಾಯಲ್ಲಿ ಸದಾ ಏನೋ ಮಾತು. ಕುಡಿಯುತ್ತಿದ್ದರು. ಕುಡಿಯದ ದಿನವೂ ಗೋಡೆಯ ಜೊತೆ ಜಗಳವಾಡುತ್ತಿದ್ದರು. ಬೆಳಿಗ್ಗೆ ನಾವು ಬರುವ ಹೊತ್ತಿಗೆ ಎದ್ದು ಹೋಗಿರದಿದ್ದರೆ ಹುಡುಗರು ಬಕೆಟ್ಟಿನಲ್ಲಿ ನೀರು ತಂದು ಸುರಿದದ್ದೂ ಇದೆ. ಆ ಬಕೆಟ್ ಹಿಡಿದವರಲ್ಲಿ ನಾನೂ ಒಬ್ಬ. ಜಗಲಿ ಗಲೀಜಾಗುತ್ತದೆ, ಹೆಣ್ಣುಮಕ್ಕಳು ಹೆದರುತ್ತಾರೆ ಎಂದು ಕೊನೆಗೆ ಊರಿನವರು ಸೇರಿ ಜಗಲಿಗೆ ಕಬ್ಬಿಣದ ಗ್ರಿಲ್ ಹಾಕಿಸಿದರು. ನಮ್ಮ ಮನೆ ಶಾಲೆಗೆ ಹತ್ತಿರ. ಸಂಜೆ ಬೀಗ ಹಾಕಿ ಬೀಗದಕೈ ಇಟ್ಟುಕೊಳ್ಳುವ ಜವಾಬ್ದಾರಿ ನನಗೆ ಬಂತು. ನನಗೆ ಅದು ದೊಡ್ಡ ಹೆಮ್ಮೆ. ಮಾಗಿಯ ಚಳಿಯ ದಿನ. ಮೊದಲ ಸಂಜೆ ಅವರು ಗ್ರಿಲ್ಲಿನ ಹೊರಗೆ ನಿಂತು ನನ್ನ ಕೈಯಲ್ಲಿದ್ದ ಬೀಗದಕೈಯನ್ನು ನೋಡಿದರು. ಏನೂ ಹೇಳಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಅವರು ಊರಿನಲ್ಲಿರಲಿಲ್ಲ. ಎಲ್ಲಿಗೆ ಹೋದರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

2017ರಲ್ಲಿ ಕಂಪನಿಯವರು ನನ್ನನ್ನು ಎರಡು ವರ್ಷದ ಕೆಲಸಕ್ಕೆ ಅಮೆರಿಕದ ನ್ಯೂಜೆರ್ಸಿ ರಾಜ್ಯಕ್ಕೆ ಕಳಿಸಿದರು. ಆ ರಾಜ್ಯದ ರಾಜಧಾನಿ ಟ್ರೆಂಟನ್. ಒಂದು ಚಳಿಗಾಲದ ಸಂಜೆ ಅಲ್ಲಿನ ರೈಲು ನಿಲ್ದಾಣದಲ್ಲಿ ಕಾಯುತ್ತಾ ಕುಳಿತಿದ್ದಾಗ ಎದುರಿನ ಬೆಂಚಿನಲ್ಲಿ ಒಬ್ಬ ಮುದುಕ ತನ್ನ ಚೀಲಗಳನ್ನೆಲ್ಲ ಕಾಲಿಗೆ ಕಟ್ಟಿಕೊಂಡು ಮಲಗಿದ್ದ. ನಡುನಡುವೆ ಎದ್ದು ಯಾರೊಂದಿಗೋ ಜಗಳವಾಡುತ್ತಿದ್ದ. ಅಲ್ಲಿ ಯಾರೂ ಇರಲಿಲ್ಲ. ಇಷ್ಟು ಶ್ರೀಮಂತ ದೇಶದಲ್ಲೂ ಅದೇ ಚೀಲ, ಅದೇ ಜಗಳ. ನನಗೆ ನಮ್ಮ ಜಗಲಿ ನೆನಪಾಯಿತು. ಮರುದಿನ ಆಫೀಸಿನಲ್ಲಿ ಈ ವಿಷಯ ಬಂದಾಗ ಒಬ್ಬ ಹಿರಿಯ ಸಹೋದ್ಯೋಗಿ, ಇಂಥವರಿಗಾಗಿಯೇ ಜೀವ ತೇಯ್ದ ಒಬ್ಬ ಶಾಲಾ ಶಿಕ್ಷಕಿ ಅದೇ ಟ್ರೆಂಟನ್ನಿನಲ್ಲಿ ಕೊನೆಯುಸಿರೆಳೆದರು, ಓದಿ ನೋಡು ಎಂದರು. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಸಿಕ್ಕಿತು. ಆ ಶಿಕ್ಷಕಿಯ ಹೆಸರು ಡೊರೊಥಿಯಾ ಡಿಕ್ಸ್.

ಡೊರೊಥಿಯಾ ಹುಟ್ಟಿದ್ದು 1802ರ ಏಪ್ರಿಲ್ 4ರಂದು, ಈಗ ಮೇನ್ ರಾಜ್ಯಕ್ಕೆ ಸೇರಿರುವ ಹ್ಯಾಂಪ್ಡನ್ ಎಂಬ ಚಿಕ್ಕ ಊರಿನಲ್ಲಿ. ತಂದೆ ಜೋಸೆಫ್ ಊರೂರು ಅಲೆಯುವ ಧರ್ಮಬೋಧಕ. ಬೋಧನೆಗಿಂತ ಕುಡಿತವೇ ಹೆಚ್ಚು. ತಾಯಿ ಹಾಸಿಗೆ ಹಿಡಿದವರು, ಮನಸ್ಸೂ ಸ್ಥಿಮಿತದಲ್ಲಿರಲಿಲ್ಲ. ಇಬ್ಬರು ತಮ್ಮಂದಿರನ್ನು ನೋಡಿಕೊಳ್ಳುವುದು, ತಂದೆಯ ಧರ್ಮಬೋಧೆಯ ಹಾಳೆಗಳನ್ನು ಸೂಜಿದಾರ ಹಿಡಿದು ಹೊಲಿದು ಪುಸ್ತಕ ಮಾಡುವುದು ಆ ಹುಡುಗಿಯ ಪಾಲಿನ ಕೆಲಸ. ಹನ್ನೆರಡರ ಸುಮಾರಿನಲ್ಲಿ ಮನೆ ಬಿಟ್ಟು ಬಾಸ್ಟನ್ ನಗರದಲ್ಲಿದ್ದ ಅಜ್ಜಿಯ ಆಶ್ರಯಕ್ಕೆ ಹೋದಳು. ಅಜ್ಜಿ ಶ್ರೀಮಂತೆ, ಶಿಸ್ತಿನ ಹೆಂಗಸು. ಮುದ್ದು ಸಿಗಲಿಲ್ಲ, ಆದರೆ ಬೆಚ್ಚಗಿನ ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಓದು ಸಿಕ್ಕಿತು. ಕುಡುಕನ ಮನೆಯ ಮಗುವಿಗೆ ಇವೆಲ್ಲ ಎಷ್ಟು ದೊಡ್ಡ ಸಂಗತಿ ಎಂದು ನಮ್ಮೂರಲ್ಲಿ ಹೇಳಿಕೊಡಬೇಕಾಗಿಲ್ಲ.

ಹದಿನಾಲ್ಕನೇ ವಯಸ್ಸಿಗೇ ಆಕೆ ವೂಸ್ಟರ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗೆ ಶಾಲೆ ತೆರೆದಳು. ದೊಡ್ಡವಳಂತೆ ಕಾಣಲಿ ಎಂದು ಉದ್ದನೆಯ ನಿಲುವಂಗಿ ತೊಟ್ಟು ಪಾಠ ಮಾಡುತ್ತಿದ್ದಳಂತೆ. ಮುಂದೆ 1821ರಲ್ಲಿ ಬಾಸ್ಟನ್ನಿನಲ್ಲಿ ಅನುಕೂಲಸ್ಥರ ಹೆಣ್ಣುಮಕ್ಕಳಿಗೆ ಒಂದು ಶಾಲೆ, ಅಜ್ಜಿಯ ಕೊಟ್ಟಿಗೆಯಲ್ಲಿ ಬಡಮಕ್ಕಳಿಗೆ ಒಂದು ಉಚಿತ ಶಾಲೆ ನಡೆಸಿದರು. 1824ರಲ್ಲಿ ಅವರು ಬರೆದ ಪುಸ್ತಕವೊಂದು, ನಿತ್ಯ ಕಾಣುವ ವಸ್ತುಗಳ ಬಗ್ಗೆ ಮಗಳು ಕೇಳುವ ಪ್ರಶ್ನೆಗಳಿಗೆ ತಾಯಿ ಉತ್ತರ ಕೊಡುವ ಧಾಟಿಯಲ್ಲಿದೆ. ಅದು ಮತ್ತೆ ಮತ್ತೆ ಅಚ್ಚಾಗಿ ಶಾಲೆಗಳಲ್ಲಿ ಬಳಕೆಯಾಯಿತು.

ಆದರೆ ಅವರ ಶ್ವಾಸಕೋಶ ದುರ್ಬಲ, ಮನಸ್ಸೂ ಆಗಾಗ ಕುಸಿಯುತ್ತಿತ್ತು. 1836ರಲ್ಲಿ ಪೂರ್ತಿ ಕುಸಿದರು. ಶಾಲೆ ಮುಚ್ಚಿ, ಹವೆ ಬದಲಾವಣೆಗೆಂದು ಇಂಗ್ಲೆಂಡಿಗೆ ಹೊರಟರು. ಅಲ್ಲಿ ಲಿವರ್‌ಪೂಲ್ ಬಳಿ ವಿಲಿಯಂ ರಾತ್‌ಬೋನ್ ಎಂಬವರ ಕುಟುಂಬ ಅವರನ್ನು ಮನೆಗೆ ಕರೆದೊಯ್ದು ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡಿತು. ಸಂಬಂಧಿಕರೂ ಅಲ್ಲ, ಹಳೆಯ ಪರಿಚಯದವರೂ ಅಲ್ಲ. ಯಾವಾಗ ಹೋಗುತ್ತೀರಿ ಎಂದು ಅವರು ಕೇಳಲಿಲ್ಲ. ಕೆಲಸ ಮಾಡಿದರೆ ಮಾತ್ರ ಊಟ ಎನ್ನಲಿಲ್ಲ. ಮನಸ್ಸು ಮುರಿದಾಗ ಒಂದು ಮನೆ, ಒಂದು ಕಿಟಕಿ, ಮೇಜಿನ ಮೇಲೆ ಊಟ, ವಿಚಾರಿಸುವ ಜನ ಏನು ಮಾಡಬಲ್ಲವು ಎಂಬುದನ್ನು ಡೊರೊಥಿಯಾ ತನ್ನ ಮೈಮೇಲೇ ಕಂಡುಕೊಂಡರು. ಇಡೀ ಜೀವನದಲ್ಲಿ ಅತಿ ಸಂತೋಷದ ಕಾಲ ಅದೇ ಎಂದು ಅವರು ಆಮೇಲೂ ನೆನೆಯುತ್ತಿದ್ದರು.

ಇಂಗ್ಲೆಂಡಿನಲ್ಲಿ ಆಗ ಹೊಸ ಗಾಳಿ ಬೀಸುತ್ತಿತ್ತು. 1796ರಲ್ಲೇ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ಮಾನಸಿಕ ಕಾಯಿಲೆಯವರಿಗಾಗಿ ಒಂದು ಮನೆ ತೆರೆದಿದ್ದರು. ಅಲ್ಲಿ ಸರಪಳಿ ಇಲ್ಲ, ಹೊಡೆತ ಇಲ್ಲ. ತೋಟದ ಕೆಲಸ, ಒಟ್ಟಿಗೆ ಊಟ, ಮರ್ಯಾದೆಯ ಮಾತು. ಈ ಬಗೆಯ ವಿಚಾರಗಳು ಡೊರೊಥಿಯಾ ಅವರ ಕಿವಿಗೆ ಬಿದ್ದದ್ದು ರಾತ್‌ಬೋನರ ಮನೆಯಲ್ಲಿದ್ದ ಕಾಲದಲ್ಲಿ. ಅವರು ಅಲ್ಲಿದ್ದಾಗಲೇ ಅಜ್ಜಿ ತೀರಿಕೊಂಡರು. ಅಜ್ಜಿ ಬಿಟ್ಟುಹೋದ ಆಸ್ತಿಯಿಂದ ಯಾರ ಹಂಗೂ ಇಲ್ಲದೆ ಬದುಕುವಷ್ಟು ಅನುಕೂಲವಾಯಿತು.

ಅವರ ಬದುಕು ತಿರುಗಿದ್ದು 1841ರ ಮಾರ್ಚ್ ತಿಂಗಳ ಒಂದು ಭಾನುವಾರ. ಬಾಸ್ಟನ್ ಪಕ್ಕದ ಈಸ್ಟ್ ಕೇಂಬ್ರಿಜ್ ಜೈಲಿನ ಹೆಂಗಸರಿಗೆ ಬೈಬಲ್ ಪಾಠ ಹೇಳಲು ಒಬ್ಬ ಶಿಕ್ಷಕಿ ಬೇಕಾಗಿತ್ತು. ಮೂವತ್ತೆಂಟು ವರ್ಷದ ಡಿಕ್ಸ್ ನಾನೇ ಹೋಗುತ್ತೇನೆ ಎಂದರು. ಪಾಠ ಮುಗಿಸಿ ಜೈಲನ್ನು ಸುತ್ತಿ ನೋಡಿದಾಗ ಕೆಲವು ಕೋಣೆಗಳಲ್ಲಿ ಯಾವ ಅಪರಾಧವನ್ನೂ ಮಾಡದ, ಬುದ್ಧಿ ಕೆಟ್ಟ ಹೆಂಗಸರು ಕಂಡರು. ಅವರನ್ನು ಇಡಲು ಬೇರೆ ಜಾಗವಿಲ್ಲದ ಕಾರಣ ಕಳ್ಳರ ಜೊತೆ, ಕುಡುಕರ ಜೊತೆ ಕೂಡಿಹಾಕಿದ್ದರು. ಹೊರಗೆ ಹಿಮದ ಚಳಿ, ಒಳಗೆ ಬೆಂಕಿಯಿಲ್ಲ. ಇವರಿಗೇಕೆ ಅಗ್ಗಿಷ್ಟಿಕೆ ಇಟ್ಟಿಲ್ಲ ಎಂದು ಕೇಳಿದರೆ, ಹುಚ್ಚರಿಗೆ ಚಳಿ ಗೊತ್ತಾಗುವುದಿಲ್ಲ ಎಂದು ಜೈಲಿನವರು ಉತ್ತರ ಕೊಟ್ಟರು.

ಈ ಪುಟವನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಬಕೆಟ್ಟಿನಲ್ಲಿ ನೀರು ಸುರಿಯುವಾಗ ನಾವು ಅಂದುಕೊಂಡದ್ದೂ ಅದೇ ಅಲ್ಲವೇ?

ಡಿಕ್ಸ್ ಆ ಹೆಂಗಸರ ಕಾಯಿಲೆಗೆ ಮದ್ದು ಕೇಳಲಿಲ್ಲ. ಮೊದಲು ಬೆಂಕಿ ಕೇಳಿದರು. ಜೈಲಿನವರು ಒಪ್ಪದಿದ್ದಾಗ ಕೋರ್ಟಿಗೆ ಹೋದರು. ಕೋಣೆಗಳಿಗೆ ಬೆಂಕಿ ಬಂತು. ಇನ್ಯಾರಾದರೂ ಆಗಿದ್ದರೆ ಅಷ್ಟಕ್ಕೆ ತೃಪ್ತರಾಗಿ ಮನೆಗೆ ಹೋಗುತ್ತಿದ್ದರೇನೋ. ಇವರು ಶಿಕ್ಷಕಿ. ಒಂದು ಲೆಕ್ಕ ತಪ್ಪಿದರೆ ಇಡೀ ಪುಸ್ತಕ ತಿರುವಿ ನೋಡುವ ಸ್ವಭಾವ. ಈ ಜೈಲು ಹೀಗಿದ್ದರೆ ಉಳಿದವು ಹೇಗಿವೆ ಎಂದು ನೋಡಲು ಹೊರಟರು. ಹೆಚ್ಚುಕಡಿಮೆ ಎರಡು ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಜೈಲುಗಳನ್ನು, ಬಡವರ ಆಶ್ರಯಗೃಹಗಳನ್ನು ಒಂದೊಂದಾಗಿ ಸುತ್ತಿದರು. ಕೈಯಲ್ಲಿ ಒಂದು ನೋಟ್‌ಬುಕ್. ಯಾವ ಊರು, ಎಷ್ಟು ಜನ, ಯಾವ ಸ್ಥಿತಿಯಲ್ಲಿ ಎಂದು ಬರೆದುಕೊಳ್ಳುತ್ತಾ ಹೋದರು. ಪಂಜರಗಳಲ್ಲಿ, ನೆಲಮಾಳಿಗೆಗಳಲ್ಲಿ, ದನದ ಕೊಟ್ಟಿಗೆಯಂಥ ಕಡೆ ಸರಪಳಿ ಬಿಗಿದುಕೊಂಡು ಬೆತ್ತಲೆಯಾಗಿ ಬಿದ್ದಿದ್ದವರನ್ನು ಕಂಡರು. ಕೆಲವು ಊರುಗಳಲ್ಲಿ ದಿಕ್ಕಿಲ್ಲದವರನ್ನು ಹರಾಜು ಹಾಕುತ್ತಿದ್ದರು. ಅತಿ ಕಡಿಮೆ ಹಣಕ್ಕೆ ಇವರನ್ನು ಸಾಕುತ್ತೇನೆ ಎಂದು ಕೂಗಿದವನಿಗೆ ಆ ಮನುಷ್ಯ ಸೇರಿಬಿಡುತ್ತಿದ್ದ.

ಆಗ ಹೆಂಗಸರಿಗೆ ಮತದಾನದ ಹಕ್ಕಿರಲಿಲ್ಲ, ಶಾಸನಸಭೆಯಲ್ಲಿ ಮಾತಾಡುವ ಮಾತು ದೂರವೇ ಉಳಿಯಿತು. ಡಿಕ್ಸ್ ತನ್ನ ನೋಟ್‌ಬುಕ್ಕಿನಿಂದ ಒಂದು ಮನವಿ ಸಿದ್ಧಪಡಿಸಿದರು. 1843ರ ಜನವರಿಯಲ್ಲಿ ಶಾಸಕರಾಗಿದ್ದ ಡಾ. ಸ್ಯಾಮ್ಯುಯೆಲ್ ಹೋವ್ ಅದನ್ನು ಸಭೆಯ ಮುಂದಿಟ್ಟರು. ಊರಿನ ಹೆಸರು ಸಹಿತ ವಿವರಗಳು. ಕೆಲವು ಊರಿನ ಮುಖಂಡರು ಸಿಟ್ಟಾದರು. ಎಲ್ಲ ಉತ್ಪ್ರೇಕ್ಷೆ, ಈ ಹೆಂಗಸು ಊರಿನ ಮಾನ ಕಳೆದಳು ಎಂದು ಪತ್ರಿಕೆಗಳಲ್ಲಿ ಜಗಳವೇ ನಡೆಯಿತು. ಕೊನೆಗೆ ವೂಸ್ಟರಿನಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನು ದೊಡ್ಡದು ಮಾಡಲು ಸಭೆ ಒಪ್ಪಿತು.

ಅಲ್ಲಿಂದ ಅವರ ತಿರುಗಾಟ ನಿಲ್ಲಲೇ ಇಲ್ಲ. ರೈಲು ಇದ್ದಲ್ಲಿ ರೈಲು, ಇಲ್ಲದಲ್ಲಿ ಕುದುರೆಗಾಡಿ, ದೋಣಿ, ಕೆಸರಿನ ದಾರಿ. ಐದಾರು ವರ್ಷಗಳಲ್ಲಿ 300ಕ್ಕೂ ಹೆಚ್ಚು ಜೈಲುಗಳು, 500ಕ್ಕೂ ಹೆಚ್ಚು ಆಶ್ರಯಗೃಹಗಳನ್ನು ನೋಡಿದರು. ದಿಕ್ಕಿಲ್ಲದ 9,000ಕ್ಕೂ ಹೆಚ್ಚು ಮಾನಸಿಕ ಕಾಯಿಲೆಯವರನ್ನು ಸ್ವತಃ ಕಂಡಿದ್ದೇನೆ ಎಂದು 1848ರಲ್ಲಿ ಅಮೆರಿಕದ ಸಂಸತ್ತಿಗೆ ಬರೆದುಕೊಂಡರು. ಎಲ್ಲ ಕಡೆ ಅವರ ಪಾಠದ ಕ್ರಮ ಒಂದೇ. ಮೊದಲು ಕಣ್ಣಾರೆ ನೋಡುವುದು, ನೋಡಿದ್ದನ್ನು ಬರೆಯುವುದು, ಬರೆದದ್ದನ್ನು ಕಾನೂನು ಮಾಡುವವರ ಕೈಗೆ ಕೊಡುವುದು, ಅವರು ಮರೆತರೆ ಮತ್ತೆ ಬಾಗಿಲು ತಟ್ಟುವುದು.

ನ್ಯೂಜೆರ್ಸಿಯ ಕಥೆ ನನಗೆ ಬಹಳ ಹಿಡಿಸಿತು. 1845ರಲ್ಲಿ ಆ ರಾಜ್ಯದ ಶಾಸಕರಿಗೆ ಕೊಟ್ಟ ಮನವಿಯಲ್ಲಿ ಅವರು ಒಬ್ಬ ಮುದುಕನ ವಿಷಯ ಬರೆದರು. ಬಡವರ ಆಶ್ರಯಗೃಹವೊಂದರ ನೆಲಮಾಳಿಗೆಯಲ್ಲಿ, ಹಾಸಿಗೆ ಎಂದು ಕರೆಯಲಾಗದ ಹಾಸಿಗೆಯ ಮೇಲೆ ಆತ ಮಲಗಿದ್ದ. ವಿಚಾರಿಸಿದರೆ ಆತ ಒಂದು ಕಾಲದಲ್ಲಿ ಹೆಸರು ಮಾಡಿದ್ದ ನ್ಯಾಯಾಧೀಶ. ವಯಸ್ಸಾಗಿ, ಬುದ್ಧಿ ಮಂಕಾಗಿ, ಹಣ ಕರಗಿ ಅಲ್ಲಿಗೆ ಬಂದು ಬಿದ್ದಿದ್ದ. ಆ ಮನವಿಯನ್ನು ಕೇಳುತ್ತಿದ್ದ ಶಾಸಕರಲ್ಲಿ ಹಲವರು ಆತನನ್ನು ಬಲ್ಲವರು. ಅದುವರೆಗೆ ಹುಚ್ಚರೆಂದರೆ ಯಾರೋ ಬೇರೆಯವರು ಎಂದುಕೊಂಡಿದ್ದ ಸಭೆಗೆ, ಇವರು ನಮ್ಮವರೇ ಎಂದು ಗೊತ್ತಾಯಿತು. ಆಸ್ಪತ್ರೆಗೆ ಹಣ ಮಂಜೂರಾಯಿತು. 1848ರಲ್ಲಿ ಟ್ರೆಂಟನ್ನಿನಲ್ಲಿ ಆಸ್ಪತ್ರೆ ತೆರೆಯಿತು. ಊರಾಚೆ ಎತ್ತರದ ಜಾಗ, ದೊಡ್ಡ ಕಿಟಕಿಗಳು, ಪ್ರತಿ ಕೋಣೆಗೂ ಗಾಳಿ ಬೆಳಕು ಬರುವಂತೆ ಎರಡೂ ಕಡೆ ರೆಕ್ಕೆ ಚಾಚಿದ ಕಟ್ಟಡ. ತನ್ನ ಮೊದಲ ಮಗು ಎಂದು ಡಿಕ್ಸ್ ಅದನ್ನು ಕರೆಯುತ್ತಿದ್ದರು.

ಅದೇ ವರ್ಷದ ಕೊನೆಯಲ್ಲಿ ನಾರ್ತ್ ಕರೋಲಿನಾ ರಾಜ್ಯಕ್ಕೆ ಹೋದರು. ಅಲ್ಲಿ ಹಣ ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಅವರು ಇಳಿದುಕೊಂಡಿದ್ದ ಹೋಟೆಲಿನಲ್ಲೇ ಜೇಮ್ಸ್ ಡಾಬಿನ್ ಎಂಬ ಪ್ರಭಾವಿ ಶಾಸಕರ ಹೆಂಡತಿ ಕಾಯಿಲೆಯಿಂದ ಮಲಗಿದ್ದರು. ಡಿಕ್ಸ್ ಅವರ ಪಕ್ಕ ಕುಳಿತು ಆರೈಕೆ ಮಾಡಿದರು. ಸಾಯುವ ಮುನ್ನ ಆಕೆ ಗಂಡನ ಹತ್ತಿರ, ಈ ಹೆಂಗಸಿನ ಮಸೂದೆಗೆ ಬೆಂಬಲ ಕೊಡಬೇಕು ಎಂದು ಮಾತು ತೆಗೆದುಕೊಂಡರು. ಡಾಬಿನ್ ಹೆಂಡತಿಯನ್ನು ಮಣ್ಣು ಮಾಡಿ ಬಂದು ಸಭೆಯಲ್ಲಿ ಎದ್ದು ಮಾತಾಡಿದರು. ಬಿದ್ದುಹೋಗಲಿದ್ದ ಮಸೂದೆ ದೊಡ್ಡ ಬಹುಮತದಿಂದ ಗೆದ್ದಿತು. ಆಸ್ಪತ್ರೆಗೆ ತನ್ನ ಹೆಸರಿಡುವುದು ಬೇಡವೆಂದ ಡಿಕ್ಸ್, ಆ ಗುಡ್ಡಕ್ಕೆ ವೈದ್ಯರಾಗಿದ್ದ ತಮ್ಮ ಅಜ್ಜನ ಹೆಸರು ಇಡಲು ಮಾತ್ರ ಒಪ್ಪಿದರು.

ಸೋಲೂ ಬಂತು, ಅದೂ ಚಿಕ್ಕದಲ್ಲ. ರಾಜ್ಯ ರಾಜ್ಯಕ್ಕೂ ಹೋಗಿ ಬೇಡುವ ಬದಲು ಇಡೀ ದೇಶಕ್ಕೆ ಒಂದು ವ್ಯವಸ್ಥೆ ಆಗಲಿ ಎಂದು ಅವರು ಬಯಸಿದರು. ಕೇಂದ್ರ ಸರ್ಕಾರದ ಭೂಮಿಯಲ್ಲಿ 1 ಕೋಟಿ 22 ಲಕ್ಷ 25 ಸಾವಿರ ಎಕರೆಯನ್ನು ಮೀಸಲಿಟ್ಟು, ಅದರ ಆದಾಯದಿಂದ ಮಾನಸಿಕ ಕಾಯಿಲೆಯವರನ್ನೂ ಕುರುಡರು, ಕಿವುಡರನ್ನೂ ನೋಡಿಕೊಳ್ಳಬೇಕು ಎಂಬುದು ಮಸೂದೆ. ಆರು ವರ್ಷ ವಾಷಿಂಗ್ಟನ್ನಿನಲ್ಲಿ ಬಾಗಿಲು ಬಾಗಿಲು ತಟ್ಟಿದರು. 1854ರಲ್ಲಿ ಎರಡೂ ಸದನಗಳು ಒಪ್ಪಿದವು. ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಸಹಿ ಹಾಕಲಿಲ್ಲ, ತಿರಸ್ಕರಿಸಿದರು. ದಿಕ್ಕಿಲ್ಲದವರನ್ನು ನೋಡಿಕೊಳ್ಳುವುದು ಕೇಂದ್ರದ ಕೆಲಸವಲ್ಲ, ರಾಜ್ಯಗಳ ಕೆಲಸ ಎಂಬುದು ಅವರ ವಾದ. ಇದು ಯಾರ ಕೆಲಸ ಎಂಬ ಈ ಪ್ರಶ್ನೆ ಇವತ್ತಿಗೂ ಎಲ್ಲ ದೇಶಗಳಲ್ಲಿ, ಎಲ್ಲ ಊರುಗಳಲ್ಲಿ ಹಾಗೆಯೇ ಉಳಿದಿದೆ.

ದಣಿದ ಡಿಕ್ಸ್ ವಿಶ್ರಾಂತಿಗೆಂದು ಯುರೋಪಿಗೆ ಹೋದರು. ಆದರೆ ವಿಶ್ರಾಂತಿ ಅವರ ಜಾಯಮಾನವಲ್ಲ. ಸ್ಕಾಟ್ಲೆಂಡಿನಲ್ಲಿ ಲಾಭಕ್ಕಾಗಿ ನಡೆಸುತ್ತಿದ್ದ ಹುಚ್ಚಾಸ್ಪತ್ರೆಗಳನ್ನು ನೋಡಿ ಸುಮ್ಮನಿರಲಾಗಲಿಲ್ಲ. ತನಿಖೆ ನಡೆಯದಂತೆ ನೋಡಿಕೊಳ್ಳಲು ಅಲ್ಲಿನ ಅಧಿಕಾರಸ್ಥರು ಲಂಡನ್ನಿಗೆ ಹೊರಡುವವರಿದ್ದಾರೆ ಎಂದು ತಿಳಿದು, ತಾನೇ ರಾತ್ರಿ ರೈಲು ಹತ್ತಿ ಅವರಿಗಿಂತ ಮೊದಲು ಗೃಹಮಂತ್ರಿಯ ಮುಂದೆ ಹೋಗಿ ನಿಂತರು. ತನಿಖಾ ಆಯೋಗ ನೇಮಕವಾಯಿತು, 1857ರಲ್ಲಿ ಸ್ಕಾಟ್ಲೆಂಡಿಗೆ ಹೊಸ ಕಾನೂನೇ ಬಂತು. ರೋಮ್ ನಗರದಲ್ಲಿ ಪೋಪ್ ಅವರನ್ನು ಕಂಡು, ನಿಮ್ಮ ಅರಮನೆಯ ಹತ್ತಿರವೇ ಇರುವ ಆಸ್ಪತ್ರೆಯ ಸ್ಥಿತಿ ನೋಡಿ ಎಂದು ಹೇಳುವ ಧೈರ್ಯವನ್ನೂ ತೋರಿದರು.

ಅವರಲ್ಲಿ ಕೊರತೆಗಳೂ ಇದ್ದವು, ಅದನ್ನು ಮುಚ್ಚಿಡಬಾರದು. ದಕ್ಷಿಣದ ರಾಜ್ಯಗಳಲ್ಲಿ ಸುತ್ತುವಾಗ ಕಣ್ಣೆದುರಿಗೇ ಇದ್ದ ಕರಿಯರ ಗುಲಾಮಗಿರಿಯ ಬಗ್ಗೆ ಅವರು ದನಿಯೆತ್ತಲಿಲ್ಲ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಉತ್ತರದ ಸೈನ್ಯದ ದಾದಿಯರ ಮೇಲ್ವಿಚಾರಕಿಯಾದರು. ಸಂಬಳ ತೆಗೆದುಕೊಳ್ಳಲಿಲ್ಲ, ಹಗಲು ರಾತ್ರಿ ದುಡಿದರು. ಆದರೆ ದಾದಿಯರ ವಯಸ್ಸು ಎಷ್ಟಿರಬೇಕು, ಬಟ್ಟೆ ಯಾವ ಬಣ್ಣದ್ದಿರಬೇಕು ಎಂದೆಲ್ಲ ಬಿಗಿ ನಿಯಮ ಮಾಡಿ ವೈದ್ಯರ ಜೊತೆ ಕಾದಾಡಿದರು. ತಾನು ಹೇಳಿದ್ದೇ ಆಗಬೇಕೆಂಬ ಹೆಡ್‌ಮಿಸ್ಟ್ರೆಸ್ ಗತ್ತು ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ಆದರೂ ಗಾಯಗೊಂಡ ಶತ್ರು ಸೈನಿಕರಿಗೂ ಅದೇ ಹಾಸಿಗೆ, ಅದೇ ಆರೈಕೆ ಎಂಬ ವಿಷಯದಲ್ಲಿ ರಾಜಿಯಾಗಲಿಲ್ಲ.

ಯುದ್ಧ ಮುಗಿದ ಮೇಲೆ ಮತ್ತೆ ತಿರುಗಾಟ. ಒಟ್ಟು 30ಕ್ಕೂ ಹೆಚ್ಚು ಆಸ್ಪತ್ರೆಗಳು ಅವರ ಪ್ರಯತ್ನದಿಂದ ಹುಟ್ಟಿದವು ಅಥವಾ ಬೆಳೆದವು. ಆದರೆ ಅವರಿಗೆ ಸ್ವಂತ ಮನೆ ಎಂಬುದು ಇರಲೇ ಇಲ್ಲ. ಮದುವೆಯಾಗಲಿಲ್ಲ. ನಲವತ್ತು ವರ್ಷ ಹೋಟೆಲುಗಳಲ್ಲಿ, ಪರಿಚಯಸ್ಥರ ಮನೆಗಳಲ್ಲಿ, ಪೆಟ್ಟಿಗೆ ಹಿಡಿದುಕೊಂಡೇ ಬಾಳಿದರು. 1881ರಲ್ಲಿ ಆರೋಗ್ಯ ಕೆಟ್ಟು ಟ್ರೆಂಟನ್ನಿಗೆ ಬಂದಾಗ ಆ ಆಸ್ಪತ್ರೆಯವರೇ ಅವರಿಗೆ ಕೋಣೆಗಳನ್ನು ಬಿಟ್ಟುಕೊಟ್ಟು, ಬದುಕಿರುವವರೆಗೂ ಇಲ್ಲೇ ಇರಿ ಎಂದರು. ಇತರರಿಗಾಗಿ ಕೇಳಿ ಪಡೆದ ಸೂರೇ ಕೊನೆಗೆ ಅವರದೂ ಆಯಿತು. ಆರು ವರ್ಷ ಅಲ್ಲಿದ್ದು, 1887ರ ಜುಲೈ 17ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಬಾಸ್ಟನ್ ಸಮೀಪದ ಮೌಂಟ್ ಆಬರ್ನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಸಾಮಾನ್ಯವಾಗಿ ಇಂಥ ಲೇಖನ ಇಲ್ಲಿಗೆ ಮುಗಿಯುತ್ತದೆ. ಆದರೆ ಎಂಜಿನಿಯರ್ ಆದವನಿಗೆ ಒಂದು ಅಭ್ಯಾಸ. ಕಟ್ಟಿದ್ದು ಆಮೇಲೆ ಹೇಗೆ ನಡೆಯಿತು ಎಂದು ನೋಡದೆ ಬಿಡುವುದಿಲ್ಲ. ಡಿಕ್ಸ್ ಕಟ್ಟಿಸಿದ್ದು ನೂರಾರು ಜನರಿಗೆಂದು. ಅಲ್ಲಿಗೆ ಸಾವಿರಾರು ಜನ ಬಂದು ತುಂಬಿದರು. ಹುಚ್ಚರು ಮಾತ್ರವಲ್ಲ, ಕುಡಿತಕ್ಕೆ ಬಿದ್ದವರು, ಮನೆಯವರಿಗೆ ಬೇಡವಾದ ಮುದುಕರು, ಎಲ್ಲರೂ. ಊರಾಚೆ ಇದ್ದದ್ದರಿಂದ ಒಳಗೆ ಏನಾಗುತ್ತಿದೆ ಎಂದು ಊರಿಗೆ ತಿಳಿಯಲಿಲ್ಲ. ಡಿಕ್ಸ್ ಪ್ರಾಣ ಬಿಟ್ಟ ಅದೇ ಟ್ರೆಂಟನ್ ಆಸ್ಪತ್ರೆಯಲ್ಲಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯಾಧಿಕಾರಿ, ಹುಚ್ಚಿಗೆ ದೇಹದೊಳಗಿನ ಸೋಂಕೇ ಕಾರಣ ಎಂದು ನಂಬಿ ರೋಗಿಗಳ ಹಲ್ಲುಗಳನ್ನು, ಕರುಳಿನ ಭಾಗಗಳನ್ನು ತೆಗೆಸಿದ. ಬಹಳ ಮಂದಿ ಸತ್ತರು. 1955ರ ಹೊತ್ತಿಗೆ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ 5 ಲಕ್ಷ 58 ಸಾವಿರ ಜನರಿದ್ದರು.

ಆಮೇಲೆ ಹೊಸ ಔಷಧಿಗಳು ಬಂದವು. ರೋಗಿಗಳನ್ನು ಊರಿನ ನಡುವೆಯೇ ನೋಡಿಕೊಳ್ಳೋಣ ಎಂದು 1963ರಲ್ಲಿ ಅಧ್ಯಕ್ಷ ಕೆನಡಿ ಕಾನೂನಿಗೆ ಸಹಿ ಹಾಕಿದರು. ಉದ್ದೇಶ ಒಳ್ಳೆಯದೇ. ಆಸ್ಪತ್ರೆಗಳು ಖಾಲಿಯಾದವು, ಆದರೆ ಯೋಜಿಸಿದಷ್ಟು ಚಿಕಿತ್ಸಾ ಕೇಂದ್ರಗಳು ತೆರೆಯಲಿಲ್ಲ, ಇರಲು ಮನೆಗಳೂ ಇರಲಿಲ್ಲ. ಹೊರಬಂದವರಲ್ಲಿ ಅನೇಕರು ಬೀದಿಗೆ ಬಿದ್ದರು. ಬೀದಿಯಿಂದ ಜೈಲಿಗೆ ಹೋದರು. ಡಿಕ್ಸ್ 1841ರಲ್ಲಿ ಯಾರನ್ನು ಜೈಲಿನಿಂದ ಬಿಡಿಸಲು ಹೊರಟರೋ ಅಂಥವರೇ ಮತ್ತೆ ಜೈಲಿನಲ್ಲಿ. ನಾನು ರೈಲು ನಿಲ್ದಾಣದಲ್ಲಿ ಕಂಡ ಮುದುಕ ಈ ಉದ್ದದ ಕಥೆಯ ಕೊನೆಯ ಪುಟ.

1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ತ್ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಹಳೆಯ ಲೆಕ್ಕವನ್ನು ತಲೆಕೆಳಗು ಮಾಡಿದರು. ಅದುವರೆಗಿನ ನಿಯಮ ಹೀಗಿತ್ತು: ಮೊದಲು ಕುಡಿತ ಬಿಡು, ಮಾತ್ರೆ ತೆಗೆದುಕೊ, ನೆಟ್ಟಗಾಗು, ಆಮೇಲೆ ಮನೆ. ಬೀದಿಯಲ್ಲಿ ಮಲಗಿ ಯಾರು ತಾನೇ ನೆಟ್ಟಗಾಗುತ್ತಾರೆ? ಇವರು ಮೊದಲೇ ಮನೆ ಕೊಟ್ಟರು. ಸಾಮಾನ್ಯ ಬೀದಿಯ ಸಾಮಾನ್ಯ ಬಾಡಿಗೆ ಮನೆ, ಬೀಗದಕೈ ಅವರದೇ ಕೈಯಲ್ಲಿ. ಬರುವ ಆದಾಯದಲ್ಲಿ ಶೇ. 30ರಷ್ಟು ಬಾಡಿಗೆಗೆ, ಉಳಿದದ್ದನ್ನು ಸಂಸ್ಥೆ ತುಂಬುತ್ತದೆ. ವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು, ಹಿಂದೆ ತಾವೇ ಬೀದಿಯಲ್ಲಿದ್ದು ಚೇತರಿಸಿಕೊಂಡವರು, ಎಲ್ಲರೂ ತಂಡವಾಗಿ ಆ ಮನೆಗೇ ಹೋಗಿ ವಿಚಾರಿಸುತ್ತಾರೆ. ಮತ್ತೆ ಕುಡಿದರೆ ಮನೆಯಿಂದ ಹೊರಹಾಕುವುದಿಲ್ಲ. ಇಂಥವರಿಗೆ ಮನೆ ಕೊಟ್ಟರೆ ಹಾಳು ಮಾಡುತ್ತಾರೆ ಎಂದು ಎಲ್ಲರೂ ಹೇಳಿದ್ದರು. ಐದು ವರ್ಷದ ಬಳಿಕ ಲೆಕ್ಕ ಹಾಕಿದಾಗ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಮನೆಯಲ್ಲೇ ಉಳಿದಿದ್ದರು. ಮನೆ ಸಿಕ್ಕ ಮಾತ್ರಕ್ಕೆ ಕುಡಿತ ಬಿಟ್ಟುಹೋಗುವುದಿಲ್ಲ, ಕಾಯಿಲೆ ಮಾಯವಾಗುವುದಿಲ್ಲ. ಆದರೆ ಬಾಗಿಲು ಇರುವ ಕಡೆ ಮಾತ್ರ ವೈದ್ಯ ಬಂದು ಬಾಗಿಲು ತಟ್ಟಬಹುದು. 2008ರಿಂದ ಫಿನ್ಲೆಂಡ್ ದೇಶ ಇದನ್ನೇ ಸರ್ಕಾರದ ನೀತಿ ಮಾಡಿಕೊಂಡಿದೆ.

ಡಿಕ್ಸ್ ಅವರ ಬದುಕಿನಿಂದ ನನಗೆ ತಿಳಿದದ್ದು ಇಷ್ಟು. ಮದ್ದಿಗೂ ಮೊದಲು ಬೆಂಕಿ ಕೇಳಿದ್ದು ಅವರ ದೊಡ್ಡತನ. ಆ ಸೂರನ್ನು ಊರಾಚೆ ಕಟ್ಟಿಸಿದ್ದರಿಂದ, ಅವರು ಕಣ್ಣುಮುಚ್ಚಿದ ಮೇಲೆ ಅದು ಮತ್ತೊಂದು ಜೈಲಾಯಿತು. ಸೂರು ಬೇಕು, ಅದು ಊರೊಳಗೇ ಇರಬೇಕು, ದಿನವೂ ಹೋಗಿ ವಿಚಾರಿಸುವವರು ಇರಬೇಕು. ಇದು ನಮ್ಮ ನಾಡಿಗೆ ಹೊಸ ವಿಚಾರವೇನಲ್ಲ. ಮಾನಸಿಕ ಕಾಯಿಲೆಗೆ ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳಲ್ಲೇ ಚಿಕಿತ್ಸೆ ಕೊಡಬಹುದು ಎಂದು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸಮಾಜದ ನಡುವೆ ಬದುಕುವುದು ಇಂಥವರ ಹಕ್ಕು ಎನ್ನುತ್ತದೆ. ದಿಕ್ಕಿಲ್ಲದೆ ಅಲೆಯುವವರು ಕಂಡರೆ ರಕ್ಷಣೆ ಕೊಟ್ಟು ವೈದ್ಯರಿಗೆ ತೋರಿಸಿ, ಮನೆಯವರನ್ನು ಹುಡುಕುವುದು ಪೊಲೀಸರ ಕರ್ತವ್ಯ ಎಂದೂ ಹೇಳುತ್ತದೆ. 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ ಉಚಿತವಾಗಿ ಫೋನ್ ಮಾಡಿ ಸಲಹೆ ಕೇಳಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. 2004ರಲ್ಲಿ ನಮಗೆ ಈ ಕಾಯ್ದೆಯಾಗಲಿ ಈ ಸಂಖ್ಯೆಯಾಗಲಿ ಇರಲಿಲ್ಲ. ಈಗ ಇದೆ.

ಕೊನೆಗೆ ಒಂದು ಮಾತು. ಈ ಸಂಚಿಕೆಗಾಗಿ ಗುರುಗಳು ಹಳೆಯ ದಾಖಲಾತಿ ಪುಸ್ತಕಗಳಿಂದ ಬ್ಯಾಚ್‌ವಾರು ಹೆಸರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಪುಟಗಳ ಫೋಟೊ ನೋಡಿಕೊಂಡು ಬೆಂಗಳೂರಿನಲ್ಲಿ ರಾತ್ರಿ ಕುಳಿತು ಟೈಪ್ ಮಾಡುತ್ತಿದ್ದೆ. ಮೊಟ್ಟಮೊದಲ ಬ್ಯಾಚಿನ ಪಟ್ಟಿಯಲ್ಲಿ ಒಂದು ಹೆಸರು, ತಂದೆಯ ಹೆಸರು, ಬೀದಿಯ ಹೆಸರು ನೋಡಿ ಕೈ ನಿಂತಿತು. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಹೌದು, ಅವರೇ ಎಂದರು ಅಮ್ಮ. ಲೆಕ್ಕದಲ್ಲಿ ಬಹಳ ಜಾಣರಂತೆ. ನಾನು ಬೀಗ ಹಾಕಿದ್ದು ಈ ಶಾಲೆಯ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ.

ಅವರ ಹೆಸರು ಈ ಸಂಚಿಕೆಯ ಪಟ್ಟಿಯಲ್ಲಿ ಉಳಿದವರ ಹೆಸರಿನ ಜೊತೆಗೇ ಅಚ್ಚಾಗಿದೆ. ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ಹಿರಿಯರಿಗೆ ಗೊತ್ತಾಗುತ್ತದೆ. ಅವರು ಎಲ್ಲಿದ್ದಾರೆ ಎಂದು ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ನನಗೆ ಹೇಳಿ.

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಬಸ್ ತಂಗುದಾಣದಲ್ಲಿ ಇನ್ನೊಬ್ಬರು ಮಲಗಿದ್ದನ್ನು ನೋಡಿದೆ. ತಂಗುದಾಣಕ್ಕೂ ಗ್ರಿಲ್ ಹಾಕಿಸುವ ಮಾತು ನಡೆದಿದೆಯಂತೆ. ಹಳೆಯ ವಿದ್ಯಾರ್ಥಿಗಳ ಸಂಘಕ್ಕೂ ಊರಿನ ಹಿರಿಯರಿಗೂ ನನ್ನದೊಂದು ವಿನಂತಿ. ಗ್ರಿಲ್ಲಿಗೆ ಮೊದಲು ಊರಿನಲ್ಲಿ ಖಾಲಿ ಬಿದ್ದಿರುವ ಒಂದು ಕೋಣೆ ನೋಡೋಣ. ಅದರ ಬಾಡಿಗೆ ನಾನು ಕೊಡುತ್ತೇನೆ. ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಓಡಾಟಕ್ಕೆ ನಮ್ಮ ಬ್ಯಾಚಿನ ಇಬ್ಬರು ಗೆಳೆಯರು ಒಪ್ಪಿದ್ದಾರೆ. ಆದರೆ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು ಊಟ ಆಯಿತೇ ಎಂದು ಕೇಳಲು ಬೆಂಗಳೂರಿನಲ್ಲಿರುವ ನನ್ನಿಂದ ಆಗುವುದಿಲ್ಲ. ಅದಕ್ಕೆ ಊರೇ ಬೇಕು.

 

– ಹಳೆಯ ವಿದ್ಯಾರ್ಥಿ, ಬಿ.ಇ.
ಎಸ್.ಎಸ್.ಎಲ್.ಸಿ. 2004–05ನೇ ಸಾಲು